ಸಹಾಯ ಬೇಕು: ಮನೆ ಕೋಳಿ ಮೊಟ್ಟೆ ಮಗುವಿಗೆ ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ನಮ್ಮ ಹಿತ್ತಲಲ್ಲಿ 6 ಗಿರಿರಾಜ ಕೋಳಿಗಳಿವೆ. ಮಗಳಿಗೆ 2 ವರ್ಷ. "ಫಾರಂ ಮೊಟ್ಟೆ ಬೇಡ, ಬರೀ ಔಷಧಿ. ನಮ್ಮದನ್ನೇ ಅರೆಬೇಯಿಸಿ ಕೊಡಮ್ಮ" ಅಂತಾರೆ ಅತ್ತೆ. ಅವರ ಮಾತಲ್ಲೂ ಹುರುಳಿದೆ. ಕೋಳಿ ಫಾರಂಗಳಲ್ಲಿ ಬಳಸುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಸರ್ಕಾರವೇ 2019ರಲ್ಲಿ ನಿಷೇಧಿಸಿತಲ್ವಾ? ಆದರೆ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಮನೆ ಕೋಳಿಗೂ ಬರುತ್ತದೆ. ಕೋಳಿ ಗಟ್ಟಿಮುಟ್ಟಾಗಿ ಕಂಡರೂ ಹಿಕ್ಕೆಯಲ್ಲಿ ಇರಬಹುದು. ಅದಕ್ಕೇ ಹಳದಿ ಗಟ್ಟಿಯಾಗುವವರೆಗೂ ಬೇಯಿಸುತ್ತೇನೆ.

ನನ್ನ ದೊಡ್ಡ ಭಯ ಬೇರೆ. ಹಿತ್ತಲ ಗೋಡೆಯ ಹಳೇ ಪೇಂಟ್ ಉದುರಿ ಮಣ್ಣಿಗೆ ಬಿದ್ದಿದೆ. ಹಿಂದಿನ ಪೇಂಟ್‌ಗಳಲ್ಲಿ ಸೀಸ ಜಾಸ್ತಿ ಇರುತ್ತಿತ್ತು. ಕೋಳಿಗಳು ದಿನವಿಡೀ ಅಲ್ಲೇ ಕೆದಕುತ್ತವೆ. ಮಣ್ಣಿನ ಸೀಸ ಮೊಟ್ಟೆಗೂ ಸೇರುತ್ತದೆ, ಎಷ್ಟು ಬೇಯಿಸಿದರೂ ಹೋಗಲ್ಲ. ಚಿಕ್ಕ ಮಕ್ಕಳ ಮೆದುಳಿಗೆ ಅದು ತುಂಬಾ ಕೆಟ್ಟದ್ದು. ಸದ್ಯಕ್ಕೆ ಮಗಳಿಗೆ ಅಂಗಡಿ ಮೊಟ್ಟೆಯನ್ನೇ ಕೊಡುತ್ತಿದ್ದೇನೆ.

ಮಣ್ಣು, ಮೊಟ್ಟೆಯಲ್ಲಿ ಸೀಸ ಇದೆಯಾ ಅಂತ ಯಾರಾದರೂ ಪರೀಕ್ಷೆ ಮಾಡಿಸಿದ್ದೀರಾ? ಎಲ್ಲಿ, ಎಷ್ಟಾಯಿತು? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಬಹುದಾ? ಹಿಕ್ಕೆ ಅಂಟಿದ ಮೊಟ್ಟೆಯನ್ನು ತೊಳೆದರೆ ಮೇಲಿನ ರಕ್ಷಣೆಯ ಪದರ ಹೋಗುತ್ತದೆ, ಹಾಗಾಗಿ ಒಣಬಟ್ಟೆಯಲ್ಲಿ ಒರೆಸುತ್ತಿದ್ದೇನೆ. ನೀವು ಏನು ಮಾಡುತ್ತೀರಿ? ಅತ್ತೆಯವರ ಮನಸ್ಸು ನೋಯದ ಹಾಗೆ ಇದನ್ನೆಲ್ಲ ಹೇಗೆ ಹೇಳಲಿ ಅಂತಲೂ ತಿಳಿಸಿ, ದಯವಿಟ್ಟು.