ಮಧ್ಯದಲ್ಲಿ ಮೂರು ಫ್ರಾಕ್ಷನ್ (ರೇಡಿಯೇಷನ್ ಕಂತು) ತಪ್ಪಿದೆ, ಕೊನೆಗೆ ಸೇರಿಸಿದರೆ ಸಾಲದೇ?

ಪ್ರಶ್ನೆ:
ಗಂಟಲಿನ ಸ್ಕ್ವಾಮಸ್ (ಒಳಪದರದ ಚಪ್ಪಟೆ ಕೋಶಗಳ) ಕ್ಯಾನ್ಸರ್. ಪ್ಲಾನ್ 70 ಗ್ರೇ (ರೇಡಿಯೇಷನ್ ಡೋಸಿನ ಅಳತೆ), 35 ಫ್ರಾಕ್ಷನ್, ವಾರಕ್ಕೆ 5ರಂತೆ 7 ವಾರ. 20 ಮುಗಿದಿವೆ. ಐದನೇ ವಾರ ಸೋಮವಾರದಿಂದ ಬುಧವಾರದವರೆಗೆ ಲಿನಾಕ್ (ರೇಡಿಯೇಷನ್ ಕೊಡುವ ಯಂತ್ರ) ಕೆಟ್ಟು ನಿಂತಿತ್ತು. ಆ ಮೂರನ್ನು ಎಂಟನೇ ವಾರಕ್ಕೆ ತಳ್ಳಿದರೂ ಒಟ್ಟು ಡೋಸ್ ಅಷ್ಟೇ ಅಲ್ಲವೇ? ಇಲ್ಲ, ದಿನದ ಡೋಸ್ ಏರಿಸಿ ಏಳು ವಾರದಲ್ಲೇ ಮುಗಿಸಬೇಕೇ?

ಉತ್ತರ 1:
ಡೋಸ್ ಅಷ್ಟೇ, ಪರಿಣಾಮ ಅಷ್ಟೇ ಅಲ್ಲ. ಚಿಕಿತ್ಸೆ ಶುರುವಾಗಿ ಸುಮಾರು 4 ವಾರ ಕಳೆದ ಮೇಲೆ ಉಳಿದ ಕ್ಯಾನ್ಸರ್ ಕೋಶಗಳು ವೇಗವಾಗಿ ಮರುಹುಟ್ಟುತ್ತವೆ. ರೇಡಿಯೇಷನ್ ಸಂಶೋಧಕ ವಿದರ್ಸ್ 1988ರಲ್ಲಿ ತೋರಿಸಿದ್ದು ಇದನ್ನೇ: ಆ ಹಂತದಲ್ಲಿ ಒಂದು ದಿನ ತಡವಾದರೆ ಅದನ್ನು ಸರಿದೂಗಿಸಲು ಸುಮಾರು 0.6 ಗ್ರೇ ಹೆಚ್ಚು ಬೇಕು. ನೀವು ಮೂರು ದಿನ ಅಂದುಕೊಂಡಿದ್ದೀರಿ. ಆದರೆ ಶುಕ್ರವಾರ ಮುಗಿಯಬೇಕಿದ್ದದ್ದು ಮುಂದಿನ ಬುಧವಾರ ಮುಗಿಯುತ್ತದೆ, ಅಂದರೆ ಐದು ದಿನ. ಶನಿವಾರ, ಭಾನುವಾರ ಅಂತ ಗಡ್ಡೆ ರಜೆ ಹಾಕುವುದಿಲ್ಲ. ಹೀಗೆ ಸುಮಾರು 3 ಗ್ರೇಯಷ್ಟು ಪರಿಣಾಮ ಸೋರಿಹೋಗುತ್ತದೆ.

ಡೋಸ್ ಏರಿಸುವ ಲೆಕ್ಕ ನೋಡಿ. ಉಳಿದದ್ದು 12 ದಿನ. ಗಡ್ಡೆಯ ಆಲ್ಫಾ/ಬೀಟಾ (ಪ್ರತಿ ಸಲದ ಡೋಸ್ ಏರಿದರೆ ಅಂಗಾಂಶಕ್ಕೆ ಎಷ್ಟು ಪೆಟ್ಟು ಎಂಬ ಅಳತೆ, ಕಡಿಮೆಯಿದ್ದಷ್ಟೂ ಪೆಟ್ಟು ಹೆಚ್ಚು) 10 ಹಿಡಿದರೆ, 15 ಫ್ರಾಕ್ಷನ್‌ನ ಪರಿಣಾಮ 12ರಲ್ಲಿ ಬರಲು ಪ್ರತಿ ಸಲ ಸುಮಾರು 2.42 ಗ್ರೇ ಬೇಕು. ಗಡ್ಡೆಗೆ ಸರಿಹೋಯಿತು. ಆದರೆ ತಡವಾಗಿ ತೊಂದರೆ ಕೊಡುವ ಅಂಗಾಂಶಕ್ಕೆ (ಆಲ್ಫಾ/ಬೀಟಾ 3) ಉಳಿದ ಈ ಕಂತುಗಳ ಜೈವಿಕ ಡೋಸ್ (ಪರಿಣಾಮದ ಲೆಕ್ಕದ ಡೋಸ್) 50ರಿಂದ 52ರ ಮೇಲಕ್ಕೆ ಹೋಗುತ್ತದೆ. ಪೆಟ್ಟು ಬೀಳುವುದು ದವಡೆ ಮೂಳೆಗೆ, ನುಂಗುವ ಸ್ನಾಯುಗಳಿಗೆ. ಹಾಗಾಗಿ ಇದು ಎರಡನೇ ಆಯ್ಕೆ.

ಮೊದಲನೆಯದು 2 ಗ್ರೇ ಹಾಗೇ ಉಳಿಸಿ ವಾರಕ್ಕೆ 6 ಕೊಡುವುದು. ಈ ವಾರ ಗುರುವಾರ ಒಂದು, ಶುಕ್ರವಾರ ಎರಡು. ಆರು ಮತ್ತು ಏಳನೇ ವಾರ ತಲಾ 6. 3+6+6 = 15, ಅದೇ ಶುಕ್ರವಾರಕ್ಕೆ ಮುಕ್ತಾಯ. ಡಹಾಂಕಾ (ಡೆನ್ಮಾರ್ಕಿನ ತಲೆ-ಕುತ್ತಿಗೆ ಕ್ಯಾನ್ಸರ್ ತಂಡ) ಅಧ್ಯಯನದಲ್ಲಿ ವಾರಕ್ಕೆ 6 ಕೊಟ್ಟಾಗ ಗಡ್ಡೆ ಮತ್ತು ಕುತ್ತಿಗೆಯ ಗ್ರಂಥಿಗಳೆರಡರ ನಿಯಂತ್ರಣ 5 ವರ್ಷದಲ್ಲಿ ಶೇ 60ರಿಂದ 70ಕ್ಕೆ ಏರಿತ್ತು. ಬಾಯಿಹುಣ್ಣೂ ಹೆಚ್ಚಿತ್ತು, ಅದಕ್ಕೆ ತಯಾರಿರಿ.

ಉತ್ತರ 2:
ಮೇಲಿನದಕ್ಕೆ ಒಂದು ಷರತ್ತು ಸೇರಿಸಿ: ಒಂದೇ ದಿನದ ಎರಡು ಫ್ರಾಕ್ಷನ್‌ಗಳ ನಡುವೆ ಕನಿಷ್ಠ 6 ಗಂಟೆ. ಬೆಳಿಗ್ಗೆ 8ಕ್ಕೆ ಕೊಟ್ಟರೆ ಮಧ್ಯಾಹ್ನ 2ರೊಳಗೆ ಮತ್ತೆ ಟೇಬಲ್ ಮೇಲೆ ಮಲಗಿಸಬೇಡಿ. ಬೆನ್ನುಹುರಿ ಇನ್ನೂ ನಿಧಾನವಾಗಿ ಚೇತರಿಸುತ್ತದೆ, ಅದರ ಡೋಸ್ ಮಿತಿಯ ಹತ್ತಿರವಿದ್ದರೆ 8 ಗಂಟೆ ಬಿಡುವುದೇ ಕ್ಷೇಮ. ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ ಸರದಿ ಹಿಗ್ಗಿ ಬೆಳಗಿನದು 10ಕ್ಕೆ ಹೋಗಿರುತ್ತದೆ, ಸಂಜೆಯದು ಮಾತ್ರ ಹಳೇ ಹೊತ್ತಿಗೇ ನಡೆಯುತ್ತದೆ. ಬೀಮ್ ಆಫ್ ಆದ ಹೊತ್ತನ್ನು ಬರೆದಿಟ್ಟು ಅಲ್ಲಿಂದ ಎಣಿಸಿ.

ಐದನೇ ವಾರಕ್ಕೆ ತೂಕ ಇಳಿದು ಮಾಸ್ಕ್ (ತಲೆ ಅಲುಗದಂತೆ ಹಿಡಿಯುವ ಅಚ್ಚು) ಸಡಿಲವಾಗಿದೆಯೇ ಅಂತಲೂ ನೋಡಿ. ಹೊಸ ಮಾಸ್ಕ್, ಹೊಸ ಪ್ಲಾನ್ ಬೇಕಾದರೆ ಅದು ತಯಾರಾಗುವವರೆಗೆ ಇನ್ನೆರಡು ದಿನ ಕೈಬಿಟ್ಟೀತು.

ಉತ್ತರ 3:
ಎಲ್ಲ ಕ್ಯಾನ್ಸರ್‌ಗೂ ಈ ಅವಸರ ಬೇಕಿಲ್ಲ. ಪ್ರಾಸ್ಟೇಟ್ ನಿಧಾನವಾಗಿ ಬೆಳೆಯುತ್ತದೆ, ಅಲ್ಲಿ ಎರಡು ಮೂರು ದಿನದ ಅಂತರಕ್ಕೆ ದಿನಕ್ಕೆ ಎರಡು ಸಲ ಕೊಡುವ ಸಾಹಸ ಅನಗತ್ಯ. ಗರ್ಭಕಂಠದ್ದು ಹಾಗಲ್ಲ, ಬ್ರಾಕಿಥೆರಪಿಯೂ (ದೇಹದೊಳಗೆ ಮೂಲವಿಟ್ಟು ಕೊಡುವ ರೇಡಿಯೇಷನ್) ಸೇರಿ 56 ದಿನದೊಳಗೆ ಮುಗಿಯಬೇಕು. ಅಲ್ಲಿ ದಿನ ಜಾರುವುದು ಹೆಚ್ಚಾಗಿ ಹೊರಗಿನ ರೇಡಿಯೇಷನ್ ಮುಗಿದ ಮೇಲೆ ಬ್ರಾಕಿಗೆ ದಿನ ಹುಡುಕಲು ಹೊರಟಾಗ. ಮೊದಲ ವಾರದಲ್ಲೇ ಆ ದಿನಗಳನ್ನು ಕಾದಿರಿಸಿಬಿಡಿ.