ಭಾನುವಾರದ ಸಭೆಗೆ ಮುಂಚೆ: ನಮ್ಮ 36 ಮನೆಗಳ ವಿಚಾರ

ಬಿ-3
ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ಸಿ ಬ್ಲಾಕಿನ ಎರಡನೇ ಮಹಡಿ ಸಜ್ಜಾ ಮುರಿದು ಬಿತ್ತು. ಐದು ನಿಮಿಷ ಮುಂಚೆ ಅದೇ ಜಾಗದಲ್ಲಿ ಸೊಪ್ಪಿನಮ್ಮ ಬುಟ್ಟಿ ಇಳಿಸಿಕೊಂಡು ಕೂತಿದ್ರು. ಹಗ್ಗ ಕಟ್ಟಿದೀನಿ, ದಯವಿಟ್ಟು ಆ ಕಡೆ ಗಾಡಿ ನಿಲ್ಲಿಸಬೇಡಿ, ಮಕ್ಕಳನ್ನ ಬಿಡಬೇಡಿ.
ಬಿಲ್ಡರ್ ಕಡೆಯವರ ಕರಾರಿನ ಕರಡನ್ನ ಗುಂಪಿಗೆ ಹಾಕಿದೀನಿ. ಮೂರೂ ಬ್ಲಾಕ್ ಕೆಡವೋದು, ಏಳು ಮಹಡಿ ಎಬ್ಬಿಸೋದು, ಮಾಲೀಕರಿಗೆ ತಲಾ ಒಂದು ಮನೆ, ಎರಡು ವರ್ಷದ ಗಡುವು. ಭಾನುವಾರ 10 ಗಂಟೆಗೆ ಗಣಪತಿ ಗುಡಿ ಪಕ್ಕದ ಶೆಡ್ಡಲ್ಲಿ ಸಭೆ.

ಎ-6
ನಾನು ಸಹಿ ಹಾಕೋಕೆ ತಯಾರು. ನಮ್ಮಮ್ಮ ಮನೆಯಿಂದ ಕೆಳಗಿಳಿದು ಒಂದೂವರೆ ವರ್ಷ ಆಯ್ತು, ಲಿಫ್ಟ್ ಇಲ್ಲ. 2012ರಲ್ಲಿ ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜನ ಸತ್ತಿದ್ದು ನೆನಪಿದೆ ತಾನೇ? 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಇನ್ನೂ ಯೋಚನೆ ಮಾಡ್ತಾ ಕೂತರೆ ಮುಂದಿನ ಸರದಿ ನಮ್ಮದು.

ಸಿ-8
ಅಣ್ಣ, ನಾವು ಭೋಗ್ಯಕ್ಕೆ ಇರೋರು. ಕರಡು ಪೂರ್ತಿ ಓದಿದೆ. ಬಾಡಿಗೆಯವರು, ಭೋಗ್ಯದವರು ಅನ್ನೋ ಪದಾನೇ ಅದರಲ್ಲಿಲ್ಲ. ಒಂದೇ ಒಂದು ಕಡೆ "ಖಾಲಿ ಸ್ವಾಧೀನ ಒಪ್ಪಿಸತಕ್ಕದ್ದು" ಅಂತಿದೆ. ಆ ಖಾಲಿ ಅಂದರೆ ನಾವು. ನಮ್ಮ ಮಾಲೀಕರು ಭೋಗ್ಯದ ದುಡ್ಡಲ್ಲಿ ಮಗಳ ಮದುವೆ ಮಾಡಿದಾರೆ, ಈಗ ವಾಪಸ್ ಕೇಳಿದರೆ ಎಲ್ಲಿಂದ ತರ್ತಾರೆ? ಅವರು ಒಳ್ಳೇ ಜನ, ಅವರ ಮೇಲೆ ದೂರಿಲ್ಲ. ಆದರೆ ಎಂಟು ವರ್ಷದಿಂದ ಇಲ್ಲೇ ಇದೀವಿ, ಮಗು ಇಲ್ಲೇ ಶಾಲೆಗೆ ಹೋಗ್ತಿದೆ. ಸಭೆಗೆ ನಾವು ಬರಬಹುದಾ?

ಬಿ-3
ಖಂಡಿತಾ ಬನ್ನಿ ತಾಯಿ.

ಬಿ-9
ಬರಲಿ, ಆದರೆ ಮತ ಮಾಲೀಕರದ್ದು ಮಾತ್ರ. ಜಾಗದ ಅವಿಭಜಿತ ಪಾಲು ಇರೋದು ನಮ್ಮ ಹೆಸರಲ್ಲಿ.

ಎ-1
ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ. ಮೂವತ್ತು ವರ್ಷ ಸರ್ಕಾರಿ ಕಟ್ಟಡಗಳ ಕೆಲಸ ಮಾಡಿದವನು ನಾನು.

ಮೊದಲು ಸಜ್ಜಾ. ಬಿದ್ದ ತುಂಡು ನೋಡಿದೆ. ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಅದು ಕಾಂಕ್ರೀಟನ್ನ ಒಳಗಿಂದ ಸೀಳುತ್ತೆ. ತಾರಸಿ ನೀರು ಹೋಗೋ ಪೈಪು ಒಡೆದು ವರ್ಷಗಳಿಂದ ಅದೇ ಗೋಡೆ ಮೇಲೆ ಸುರೀತಿತ್ತು, ನಾವು ಯಾರೂ ಸರಿಮಾಡಿಸಲಿಲ್ಲ. ಸಿ ಬ್ಲಾಕಿನ ಮೇಲ್ಮಹಡಿ ಬಗ್ಗೆ ನನಗೂ ಭಯ ಇದೆ. ಎ, ಬಿ ಬ್ಲಾಕುಗಳ ಕಾಲಂ ಗಟ್ಟಿ ಇರಬಹುದು. ಕಣ್ಣಲ್ಲಿ ನೋಡಿ ಹೇಳೋ ಮಾತಲ್ಲ ಇದು. ಬಡಿದು ಗಟ್ಟಿತನ ಅಳೆಯೋ ರಿಬೌಂಡ್ ಹ್ಯಾಮರ್, ಶಬ್ದದ ಅಲೆ ಹಾಯಿಸಿ ನೋಡೋ ಅಲ್ಟ್ರಾಸಾನಿಕ್ ಪರೀಕ್ಷೆ ಆಗಬೇಕು, ನಾಲ್ಕು ಕಡೆ ಕೋರ್, ಅಂದರೆ ಕಾಂಕ್ರೀಟಿನ ತುಂಡು ಕೊರೆದು ತೆಗೆದು ಒತ್ತಿ ನೋಡಬೇಕು. ಮೂರೂ ಬ್ಲಾಕ್ ಕೆಡವಲೇಬೇಕು ಅಂತ ಇಲ್ಲಿವರೆಗೆ ಹೇಳಿರೋದು ಕೆಡವಿದರೆ ಲಾಭ ಇರೋರು ಮಾತ್ರ.

ಎರಡನೇದು. ಮಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದಾಳೆ. ಹೋದ ವರ್ಷ ಅಲ್ಲಿ ಮೂರು ತಿಂಗಳಿದ್ದಾಗ ಗೋವನ್ ಅನ್ನೋ ಹಳೇ ಹಡಗು ಕಟ್ಟೋ ಕಾರ್ಮಿಕರ ಕೇರಿಯನ್ನ ನಡೆದು ನೋಡಿದೆ. ಕಲ್ಲಿನ ನಾಲ್ಕು ಮಹಡಿ ವಠಾರಗಳು, ಎಲ್ಲರಿಗೂ ಒಂದೇ ಮೆಟ್ಟಿಲು, ಒಂದು ಕಾಲಕ್ಕೆ ಎಷ್ಟೋ ಮನೆಗೆ ಮೆಟ್ಟಿಲ ಪಕ್ಕ ಒಂದೇ ಕಕ್ಕಸು. ಇಂಥ ಕೇರಿಗಳನ್ನ ನಗರಾಡಳಿತ ಸಾಲುಸಾಲಾಗಿ ಕೆಡವಿ ಜನರನ್ನ ಊರಾಚೆಯ ಬಡಾವಣೆಗಳಿಗೆ, ಗೋಪುರದಂಥ ಕಟ್ಟಡಗಳಿಗೆ ಕಳಿಸಿತು. 1970ರ ದಶಕದಲ್ಲಿ ಗೋವನ್ನಿನ ಟ್ಯಾರನ್ಸೆ ಬೀದಿಯವರು ಬೇರೆ ದಾರಿ ಹಿಡಿದರು. ವಿಶ್ವವಿದ್ಯಾಲಯದ ಯುವ ವಾಸ್ತುಶಿಲ್ಪಿಗಳು ಜೊತೆಗೆ ನಿಂತರು, ಇದ್ದ ಗೋಡೆಗಳ ಒಳಗೇ ಬಚ್ಚಲು, ಕಕ್ಕಸು ಕೂರಿಸಿದರು. ನಡೆಸಿದ್ದು ಲಾಭಕ್ಕಲ್ಲದ ವಸತಿ ಸಂಘ. ಅಲ್ಲಿನ ಇಂಥ ಸಂಘಗಳಿಗೆ ಒಂದು ಪೌಂಡ್ ಕೊಟ್ಟರೆ ಸದಸ್ಯತ್ವ, ಬಾಡಿಗೆಯವರಿಗೂ ಮತ, ಸಮಿತಿಯವರಿಗೆ ಸಂಬಳ ಇಲ್ಲ. ಮಿಕ್ಕ ದುಡ್ಡನ್ನ ಯಾರೂ ಹಂಚಿಕೊಳ್ಳೋ ಹಾಗಿಲ್ಲ, ಅದು ರಿಪೇರಿಗೇ ಹೋಗಬೇಕು.

ನಾನು ಹೋದಾಗ ಒಂದು ಮೆಟ್ಟಿಲ ಮೇಲೆ ವಯಸ್ಸಾದವರೊಬ್ಬರು ಕೂತಿದ್ರು. ಹುಟ್ಟಿದ್ದು ಇದೇ ಬೀದಿಯಲ್ಲಿ ಅಂದರು. ಅದೊಂದು ಮಾತು ನನ್ನ ಮನಸ್ಸಲ್ಲಿ ಕೂತುಬಿಟ್ಟಿದೆ.

ಬಿ-9
ಸಾರ್, ಅಲ್ಲಿ ಸರ್ಕಾರ ದುಡ್ಡು ಕೊಡುತ್ತೆ. ಇಲ್ಲಿ ಯಾರು ಕೊಡ್ತಾರೆ?

ಎ-1
ಸರಿಯಾದ ಪ್ರಶ್ನೆ. 1974ರ ವಸತಿ ಕಾಯ್ದೆ ಆ ಸಂಘಗಳಿಗೆ ದೊಡ್ಡ ಅನುದಾನ ತಂತು. ಅದಿಲ್ಲದಿದ್ದರೆ ಅಷ್ಟು ಮನೆ ಉಳೀತಿರಲಿಲ್ಲ. 1988ರ ಕಾಯ್ದೆ ಬಂದ ಮೇಲೆ ಅನುದಾನ ಇಳಿದು ಬ್ಯಾಂಕ್ ಸಾಲ ಏರಿತು. ಎಷ್ಟೋ ಸಂಘಗಳು ಒಂದರೊಳಗೊಂದು ಸೇರಿ ಭಾರೀ ಸಂಸ್ಥೆಗಳಾದವು, ಸೋರೋ ನಲ್ಲಿಗೆ ದೂರು ಕೊಡೋಕೂ ಬಾಡಿಗೆಯವರು ಅಲೆಯೋ ಹಾಗಾಯ್ತು. ಲಾಭಕ್ಕಲ್ಲ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಒಳ್ಳೇದಾಗಲ್ಲ, ಸಮಿತಿ ಬೀದಿಯಲ್ಲೇ ವಾಸ ಇರಬೇಕು.

ಇನ್ನೊಂದು ವ್ಯತ್ಯಾಸ. ಅಲ್ಲಿ ಸಂಘವೇ ಮನೆಗಳನ್ನ ಕೊಂಡು ತಾನೇ ಮಾಲೀಕ ಆಯ್ತು. ನಮ್ಮಲ್ಲಿ 36 ಮಾಲೀಕರು, ನಾವೇ ಕೈಯಿಂದ ಹಾಕಬೇಕು. ನಾನು ಅಲ್ಲಿಂದ ತಗೊಳ್ಳೋದು ಅವರ ಲೆಕ್ಕಾಚಾರವನ್ನಲ್ಲ, ಕೆಲಸದ ಕ್ರಮವನ್ನ: ಮೊದಲು ಪರೀಕ್ಷೆ, ಆಮೇಲೆ ರಿಪೇರಿ, ಆಗದ ಕಡೆ ಮಾತ್ರ ಕೆಡವೋದು, ಮನೆ ಬಿಟ್ಟು ಹೋದವರು ವಾಪಸ್ ಬರೋ ಹಕ್ಕು ಕಾಗದದ ಮೇಲೆ.

ಸಿ-2
ನಮ್ಮ ಹೌಸಿಂಗ್ ಸೊಸೈಟಿ ಇತ್ತಲ್ಲ, ಅದೇನಾಯ್ತು?

ಎ-1
ಅಮ್ಮ, ಅದೇ ನನ್ನ ಕೊರಗು. ಪ್ಲೇಗ್ ಬಂದುಹೋದ ಮೇಲೆ 1903ರಲ್ಲಿ ಈ ಊರಿಗೆ ಸುಧಾರಣಾ ಟ್ರಸ್ಟ್ ಬೋರ್ಡ್ ಬಂತು, ಆಮೇಲೆ ಮುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ. ಬಡಾವಣೆ ಮಾಡಿ ನಿವೇಶನ ಹಂಚೋದನ್ನ ಮೈಸೂರು ಚೆನ್ನಾಗಿ ಕಲಿತಿದೆ. ಸಹಕಾರ ಸಂಘಗಳೂ ಅದನ್ನೇ ಕಲಿತವು. ಕ್ರಯಪತ್ರ ಆಯ್ತು, ಖಾತಾ ಆಯ್ತು, ಸಂಘದ ಬಾಗಿಲು ಮುಚ್ಚಿತು. ನಮ್ಮ ಸಂಘದ ಮಹಾಸಭೆ ಕೊನೇ ಸಲ ನಡೆದಿದ್ದು ಯಾವಾಗ ಅಂತ ಇಲ್ಲಿ ಯಾರಿಗೂ ನೆನಪಿಲ್ಲ. ಕಟ್ಟಡ ಇರೋವರೆಗೂ ಸಂಘ ಇರಬೇಕಿತ್ತು. ತಿಂಗಳಿಗೆ ಇಷ್ಟು ಅಂತ ಅವತ್ತಿಂದ ರಿಪೇರಿ ನಿಧಿಗೆ ಹಾಕಿದ್ದರೆ ಇವತ್ತು ಆ ಪೈಪು, ಆ ಸಜ್ಜಾ ನಮ್ಮ ಕೈಯಲ್ಲೇ ಇರ್ತಿತ್ತು.

ಎ-6
ಸಾರ್, ನಿಮ್ಮ ಮಾತು ಒಪ್ತೀನಿ. ಆದರೆ ನಮ್ಮಮ್ಮನಿಗೆ ಲಿಫ್ಟ್? ಅವರಿಗೆ ಇನ್ನೆಷ್ಟು ವರ್ಷ ಇದೆ ಹೇಳಿ.

ಎ-1
ಮೆಟ್ಟಿಲ ಹೊರಗಡೆ ಉಕ್ಕಿನ ಚೌಕಟ್ಟಲ್ಲಿ ಲಿಫ್ಟ್ ಹಾಕೋಕೆ ಎ ಬ್ಲಾಕಿನಲ್ಲಿ ಜಾಗ ಇದೆ, ನಿನ್ನೆ ಅಳತೆ ಹಿಡಿದೆ. ಪರೀಕ್ಷೆಯಲ್ಲಿ ಅಡಿಪಾಯ ಪಾಸಾದರೆ ರಿಪೇರಿ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆಯೋಣ. ಅಲ್ಲಿವರೆಗೆ ನನ್ನ ಕೆಳಮನೆಯ ಮುಂದಿನ ಕೋಣೆ ಖಾಲಿ ಇದೆ, ಅಮ್ಮನ್ನ ಅಲ್ಲಿರಿಸಿ. ಸಂಕೋಚ ಬೇಡ.

ಎ-6
🙏 ಸಂಜೆ ಮನೆಗೆ ಬರ್ತೀನಿ ಸಾರ್.

ಬಿ-5
ನಾನು ವಕೀಲಿ ಮಾಡೋದು ಗೊತ್ತಲ್ಲ. ಕರಡಿನಲ್ಲಿ ವಾಪಸ್ ಪಡೆಯೋಕಾಗದ ಜಿಪಿಎ, ಅಂದರೆ ನಮ್ಮ ಪರವಾಗಿ ಎಲ್ಲಾ ವ್ಯವಹಾರ ಮಾಡೋ ಅಧಿಕಾರ ಪತ್ರ ಕೇಳಿದಾರೆ, ದಯವಿಟ್ಟು ಯಾರೂ ಸಹಿ ಹಾಕಬೇಡಿ. ಹೊಸ ಮನೆ ಕೊಳ್ಳೋರ ದುಡ್ಡಿನ 70 ಪರ್ಸೆಂಟ್ ಬೇರೆ ಖಾತೆಯಲ್ಲಿಡಬೇಕು ಅಂತ ಬಿಲ್ಡರ್‌ಗಳನ್ನ ನಿಯಂತ್ರಿಸೋ 2016ರ ರೇರಾ ಕಾಯ್ದೆ ಹೇಳುತ್ತೆ. ಆದರೆ ಮನೆ ಬಿಟ್ಟುಕೊಟ್ಟ ನಮಗೆ ಎರಡು ವರ್ಷದ ಬಾಡಿಗೆ ಯಾರು ಕಟ್ಟಬೇಕು, ತಡವಾದರೆ ಏನು ಅನ್ನೋದನ್ನ ನಾವೇ ಕರಾರಿನಲ್ಲಿ ಬರೆಸಬೇಕು. ಈ ಕರಡಿನಲ್ಲಿ ಒಂದು ಸಾಲೂ ಇಲ್ಲ. ಜೊತೆಗೆ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ, ಬೈಲಾ (ಸಂಘದ ನಿಯಮಾವಳಿ) ಮಾಡಿ ಸಂಘವನ್ನ ನಿಲ್ಲಿಸಬಹುದು. ಮತ ಮಾಲೀಕರದ್ದೇ ಇರಲಿ, ಬಾಡಿಗೆ ಮತ್ತು ಭೋಗ್ಯದವರ ಇಬ್ಬರು ಪ್ರತಿನಿಧಿಗಳು ಪ್ರತಿ ಸಭೆಯಲ್ಲೂ ಕೂರಲಿ. ಅವರ ವಿಷಯ ಅವರ ಎದುರಿಗೇ ತೀರ್ಮಾನ ಆಗಬೇಕು. ಕರಡು ನಾನು ಬರೀತೀನಿ, ಫೀಸು ಬೇಡ.

ಬಿ-9
ಇಷ್ಟಾದರೆ ನನ್ನದೇನೂ ತಕರಾರಿಲ್ಲ. ಪರೀಕ್ಷೆ ಖರ್ಚು ಚದರಡಿ ಲೆಕ್ಕದಲ್ಲಿ ಹಾಕಿ, ತಲಾ ಇಷ್ಟು ಅಂತ ಬೇಡ. ಸಣ್ಣ ಮನೆಯವರಿಗೆ ಭಾರ ಆಗುತ್ತೆ.

ಸಿ-8
ಬಿ-9 ಅಣ್ಣ, ಬಾಡಿಗೆಯವರ ಪರವಾಗಿ ನಾನು ಕೂರ್ತೀನಿ. ಇನ್ನೊಬ್ಬರನ್ನ ಸಂಜೆ ಕೇಳಿ ಹೇಳ್ತೀನಿ.

ಬಿ-3
ಸರಿ. ಸೋಮವಾರ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗಕ್ಕೆ ಪತ್ರ ಕೊಡೋಕೆ ಎ-1 ಸಾರ್ ಜೊತೆ ನಾನೂ ಹೋಗ್ತೀನಿ. ಸಿ ಬ್ಲಾಕಿನ ಮೇಲ್ಮಹಡಿ ನಾಲ್ಕು ಮನೆಯವರು ಇವತ್ತೇ ಕೆಳಗೆ ಬರಬೇಕು. ಯಾರ ಮನೆಯಲ್ಲಿ ಕೋಣೆ ಇದೆ, ಹೇಳಿ.

ಸಿ-2
ನಮ್ಮಲ್ಲಿ ಒಂದು.

ಎ-4
ಇಲ್ಲಿ ಒಂದು, ಸಾಮಾನು ಇಡೋಕೆ ಗ್ಯಾರೇಜೂ ಇದೆ.

ಬಿ-9
ಮಗ ಬೆಂಗಳೂರಲ್ಲಿದಾನೆ, ಅವನ ಕೋಣೆ ಕೊಡ್ತೀನಿ. ಸಿ-8ರವರೇ, ಮಗುವಿಗೆ ಓದೋಕೆ ಮೇಜೂ ಇದೆ, ನೀವೇ ಬನ್ನಿ.