ಸೋತಾಗ ಡಬಲ್ ಹಚ್ಚಿದ್ರ ರೂಲೆಟ್ ಗೆಲ್ಲಬಹುದಾ?

ಪ್ರಶ್ನೆ (ಕಲಬುರಗಿ): ಮುಂದಿನ ವಾರ ನಾಲ್ಕು ಮಂದಿ ಗೋವಾದ ಕ್ಯಾಸಿನೊಕ್ಕ ಹೊಂಟೀವ್ರಿ. ರೂಲೆಟ್‌ನ್ಯಾಗ (ತಿರುಗೋ ಚಕ್ರದಾಗ ಗುಂಡು ಬಿಡೋ ಜೂಜು) ಕೆಂಪಿಗೆ 500 ಹಚ್ಚೋದು, ಸೋತ್ರ ಡಬಲ್ ಮಾಡ್ಕೋತ ಹೋಗೋದು, ಒಮ್ಮೆ ಗೆದ್ರ ಎಲ್ಲಾ ವಾಪಸ್ ಅಂತಾರ. ಖರೇನಾ?

ಉತ್ತರ (ಬೀದರ್): ಲೆಕ್ಕ ಹಾಕಿ ನೋಡ್ರಿ. ಒಂದೇ ಸೊನ್ನೆ ಇರೋ ಚಕ್ರದಾಗ 37 ಮನಿ: 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಗುಂಡು ಆ ಹಸಿರು ಮನ್ಯಾಗ ಕುಂತ್ರ ಕೆಂಪು, ಕಪ್ಪು ಎರಡೂ ಸೋತಂಗ. ಹಿಂಗಾಗಿ ಹಚ್ಚಿದ ನೂರಕ್ಕ ಸರಾಸರಿ 2.70 ರೂಪಾಯಿ ಕ್ಯಾಸಿನೊ ಪಾಲು. ಎರಡು ಸೊನ್ನೆ ಇದ್ರ 5.26, ಆ ಟೇಬಲ್ ಹತ್ರನೂ ಹೋಗಬ್ಯಾಡ್ರಿ. 500ರಿಂದ ಡಬಲ್ ಮಾಡ್ಕೋತ ಆರು ಸಲ ಸೋತ್ರ 31,500 ಹೋಯ್ತು. ಏಳನೇದಕ್ಕ 32,000 ಬೇಕು, ಅಷ್ಟರಾಗ ಟೇಬಲ್ ಮಿತಿ (ಒಮ್ಮೆಗೆ ಹಚ್ಚಬಹುದಾದ ಗರಿಷ್ಠ ರೊಕ್ಕ) ಅಡ್ಡ ಬರಬಹುದು. ಗೆದ್ರೂ ಲಾಭ ಬರೇ 500! ಹೊಸದಾಗಿ ಶುರು ಮಾಡಿದ 55 ಸಲದಾಗ ಸರಾಸರಿ ಒಮ್ಮೆ ಈ ಆರು ಸೋಲು ಬರ್ತಾವ. ಐದು ಸಲ ಕಪ್ಪು ಬಂತು, ಈಗ ಕೆಂಪೇ ಅನ್ನಬ್ಯಾಡ್ರಿ, ಚಕ್ರಕ್ಕ ನೆನಪಿರೋದಿಲ್ಲ.

ಉತ್ತರ (ಯಾದಗಿರಿ): ಹೋದ್ರೂ ಮನಿ ಖರ್ಚಿಗೆ ತ್ರಾಸ ಆಗಬಾರ್ದು, ಅಷ್ಟೇ ನಗದು ಒಯ್ರಿ. ಕಾರ್ಡ್ ರೂಮಿನ್ಯಾಗ ಬಿಡ್ರಿ, ಅದರ ದಿನದ ಮಿತೀನೂ ಹೊಂಡೋ ಮೊದಲೇ ಬ್ಯಾಂಕ್ ಆ್ಯಪ್‌ನ್ಯಾಗ ಇಳಿಸ್ರಿ. ಗೆದ್ದ ರೊಕ್ಕ ಬ್ಯಾರೆ ಕಿಸೇಕ. ಗೆಳೆಯರ ಕಡೆ ಕೈಗಡ ಬ್ಯಾಡೇ ಬ್ಯಾಡ. ಹೋದದ್ದು ವಾಪಸ್ ತರಬೇಕು ಅನ್ನಿಸಿದ ಕೂಡ್ಲೆ ಎದ್ದು ಬರ್ರಿ. ಯಾರಿಗಾದ್ರೂ ಈ ಚಟ ಬಿಡ್ಲಿಕ್ಕಾಗವಲ್ದು ಅಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ರೊಕ್ಕ ಕೊಡೋದಿಲ್ಲ, ಕನ್ನಡದಾಗೇ ಮಾತಾಡಬಹುದು.